ಮೂಲಮನೆಯನ್ನು ಹುಡುಕಿಕೊಂಡು ಕಾಸರಗೋಡಿಗೆ ಬರುವವರಿಗೆ

ನಾಗರಪಂಚಮಿ ಹತ್ತಿರವಾಗುತ್ತಿದ್ದಂತೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ನಮ್ಮ ಪೇಟೆಗಳಲ್ಲಿ ಮುಂಬಯಿಯದೋ ಬೆಂಗಳೂರಿನದೋ ನಂಬರಿನ ಕಾರೊಂದು ನಿಲ್ಲುವುದು, ಅದರಿಂದ ಇಳಿದವರು ಅಂಗಡಿಯ ಜಗಲಿಗೆ ಬಂದು ತಮ್ಮ ಅಜ್ಜನ ಹೆಸರು ಹೇಳಿ ಅವರ ಮನೆ ಎಲ್ಲಿತ್ತೆಂದು ವಿಚಾರಿಸುವುದು ಈಗ ಅಪರೂಪದ ದೃಶ್ಯವಲ್ಲ. ಎರಡು ಮೂರು ತಲೆಮಾರುಗಳ ಹಿಂದೆ ಮುಂಬಯಿಯ ಹೋಟೆಲುಗಳಿಗೆ, ಮೈಸೂರು ಬೆಂಗಳೂರುಗಳ ನೌಕರಿಗೆ, ಕೊಡಗಿನ ತೋಟಗಳಿಗೆ ಹೋಗಿ ಅಲ್ಲಿಯೇ ನೆಲೆಸಿದವರ ಮೊಮ್ಮಕ್ಕಳು ಇವರು. ಕೆಲವರನ್ನು ಜೋಯಿಸರು ಪ್ರಶ್ನೆಯಿಟ್ಟು ನೋಡಿ, ಮೂಲನಾಗನನ್ನು, ಎಂದರೆ ಕುಟುಂಬದ ಹಳೆಯ ನಾಗಸ್ಥಾನವನ್ನು, ಹುಡುಕಿ ತಂಬಿಲ ಪೂಜೆ ಮಾಡಿಸಿರೆಂದು ಕಳುಹಿಸಿರುತ್ತಾರೆ. ಕೆಲವರು ತೀರಿಹೋದ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಫೋಟೋ ಹಿಡಿದು ಬಂದಿರುತ್ತಾರೆ. ಅಂಗಡಿಯವರಿಗೆ ಹೆಚ್ಚಾಗಿ ಉತ್ತರ ತಿಳಿದಿರುವುದಿಲ್ಲ. ಸಂಜೆಯ ವರೆಗೆ ಅಲೆದು, ಮಧೂರಿಗೋ ಅನಂತಪುರಕ್ಕೋ ಹೋಗಿ ಕೈಮುಗಿದು ಹಿಂತಿರುಗಿದವರನ್ನು ಹಲವು ಬಾರಿ ಕಂಡ ಬಳಿಕ, ಈ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬರೆದಿಡಬೇಕೆಂದು ನನಗೆ ಅನ್ನಿಸಿತು.

ಪೂರ್ವಿಕರ ನೆಲವನ್ನು ನೋಡಲು ಬರುವವರನ್ನು ಕೆಲವು ದೇಶಗಳು ಸರಕಾರದ ಮಟ್ಟದಲ್ಲಿಯೇ ಆಹ್ವಾನಿಸಿವೆ. ಐರ್ಲೆಂಡ್ 2013ರಲ್ಲಿ ಹೊರದೇಶಗಳಲ್ಲಿರುವ ತನ್ನ ವಂಶಜರನ್ನು ವರ್ಷಪೂರ್ತಿ ಕರೆಯಿತು; ಗುಲಾಮರ ವ್ಯಾಪಾರದಲ್ಲಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಪೀಳಿಗೆಗಾಗಿ ಘಾನಾ 2019ನ್ನು ಮರಳಿ ಬರುವ ವರ್ಷವೆಂದು ಸಾರಿತು. ಮಾರಿಷಸ್, ಫಿಜಿಗಳಿಗೆ ಕರಾರಿನ ಕೂಲಿಗಳಾಗಿ ಒಯ್ಯಲ್ಪಟ್ಟವರ ವಂಶಜರಿಗೆ ವಲಸೆಯ ಪಾಸುಗಳು ಆಧಾರವಾಗಿವೆ, ಏಕೆಂದರೆ ಆ ಪಾಸುಗಳಲ್ಲಿ ಹೋದವನ ಹೆಸರಿನೊಂದಿಗೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಗಳನ್ನು ಬರೆದಿಡಲಾಗಿತ್ತು. ಮಂಗಳೂರಿಗೆ ನಡೆದು, ಅಲ್ಲಿಂದ ಹಡಗನ್ನೋ ರೈಲನ್ನೋ ಹತ್ತಿ ಹೋದ ನಮ್ಮ ಹುಡುಗರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಆದುದರಿಂದ ನಮ್ಮಲ್ಲಿ ಹುಡುಕಾಟವನ್ನು ಹೋದವರ ಕಾಗದದಿಂದಲ್ಲದೆ, ಉಳಿದ ಮನೆಯ ಹೆಸರಿನಿಂದ ಆರಂಭಿಸಬೇಕಾಗುತ್ತದೆ.

ಮೊದಲು ಮನೆಯ ಹೆಸರು

ನಾರಾಯಣ, ಕೃಷ್ಣ, ಸುಬ್ಬಣ್ಣ ಎಂಬ ಹೆಸರಿನವರು ಪ್ರತಿ ಗ್ರಾಮದಲ್ಲಿಯೂ ಹತ್ತಾರು ಮಂದಿ ಇದ್ದರು, ಇದ್ದಾರೆ. ನಮ್ಮ ಕಡೆ ಮನುಷ್ಯನನ್ನು ಗುರುತಿಸುವುದು ಮನೆಯ ಹೆಸರಿನಿಂದ. ಮೂಲೆ, ಅಡ್ಕ, ಕಾನ, ಜಾಲು, ಬೈಲು, ಗುತ್ತು ಎಂದು ಕೊನೆಗೊಳ್ಳುವ ಆ ಹೆಸರು ತಿಳಿದಿದ್ದರೆ, ಮನೆ ಬಿದ್ದು ಐವತ್ತು ವರ್ಷಗಳಾಗಿದ್ದರೂ ಜಾಗವನ್ನು ತೋರಿಸುವವರು ಸಿಗುತ್ತಾರೆ. ಅನೇಕರ ಹೆಸರಿನ ಮುಂದೆ ಇನಿಶಿಯಲ್ ಆಗಿ ಉಳಿದಿರುವ ಒಂದು ಅಕ್ಷರ ತಂದೆಯ ಹೆಸರಿನದ್ದಾಗಿರದೆ ಮನೆಯ ಹೆಸರಿನದ್ದಾಗಿರಬಹುದು. ತಂದೆಯ ಹಳೆಯ ಶಾಲಾ ಸರ್ಟಿಫಿಕೇಟಿನಲ್ಲಿ ಆ ಅಕ್ಷರ ಪೂರ್ಣವಾಗಿ ಬಿಡಿಸಿ ಬರೆಯಲ್ಪಟ್ಟಿದೆಯೇ ಎಂದು ನೋಡಿ. ಹೊಸಮನೆ, ಮೇಲಿನಮನೆ ಎಂಬಂತಹ ಹೆಸರುಗಳು ಮಾತ್ರ ಎಲ್ಲ ಊರುಗಳಲ್ಲಿಯೂ ಇರುವುದರಿಂದ, ಅವುಗಳೊಂದಿಗೆ ಗ್ರಾಮದ ಹೆಸರೂ ಬೇಕಾಗುತ್ತದೆ.

ಮನೆಯಲ್ಲಿ ಹಿರಿಯರು ಇನ್ನೂ ಇದ್ದಾರೆಂದಾದರೆ ಅವರೊಡನೆ ಮಾತನಾಡುವುದನ್ನು ನಾಳೆಗೆ ಮುಂದೂಡಬೇಡಿ. ಆದರೆ ನಮ್ಮ ಮೂಲ ಯಾವುದು ಎಂದು ನೇರವಾಗಿ ಕೇಳಿದರೆ, ಕಾಸರಗೋಡಿನ ಹತ್ತಿರ ಎಂಬ ಒಂದು ಮಾತಿನಲ್ಲಿ ಉತ್ತರ ಮುಗಿದುಹೋಗುತ್ತದೆ. ಶಾಲೆಗೆ ಹೋಗುವಾಗ ಯಾವ ತೋಡು (ಸಣ್ಣ ಹಳ್ಳ) ದಾಟುತ್ತಿದ್ದಿರಿ, ಸಂಕ (ಕಾಲುಸೇತುವೆ) ಇತ್ತೇ, ಯಾವ ದೇವಸ್ಥಾನದ ಜಾತ್ರೆಗೆ ನಡೆದುಕೊಂಡು ಹೋಗುತ್ತಿದ್ದಿರಿ, ಬಾಣಂತನಕ್ಕೆ ಯಾರು ಬರುತ್ತಿದ್ದರು, ಅಡಕೆ ಯಾವ ಪೇಟೆಗೆ ಹೋಗುತ್ತಿತ್ತು ಎಂದು ಕೇಳಿ. ನನ್ನ ತಾಯಿಯ ಚಿಕ್ಕಮ್ಮನಿಗೆ ಗ್ರಾಮದ ಹೆಸರು ಮರೆತುಹೋಗಿತ್ತು; ಸಂಜೆ ಅಂಗಳದಲ್ಲಿ ನೆಲ್ಲು ಬಾಚುವಾಗ ರೈಲಿನ ಕೂಗು ಕೇಳುತ್ತಿತ್ತೆಂಬುದು ಮಾತ್ರ ನೆನಪಿತ್ತು. ರೈಲು ಹಳಿ ಕಡಲ ಬದಿಯಲ್ಲಿಯೇ ಹೋಗುವುದರಿಂದ, ಆ ಒಂದು ಮಾತಿನಿಂದ ಬೆಟ್ಟದ ಕಡೆಯ ಗ್ರಾಮಗಳನ್ನೆಲ್ಲ ನಾವು ಪಟ್ಟಿಯಿಂದ ಬಿಡಲು ಸಾಧ್ಯವಾಯಿತು. ಕುಂಬಳೆ ಸೀಮೆಯವರಾದರೆ ಅಡೂರು, ಮಧೂರು, ಕಣಿಯಾರ, ಮುಜುಂಗಾವು ಎಂಬ ನಾಲ್ಕು ದೇವಸ್ಥಾನಗಳಲ್ಲಿ ಯಾವುದು ಮನೆಗೆ ಹತ್ತಿರವಿತ್ತೆಂದು ಕೇಳುವುದರಿಂದಲೂ ದಿಕ್ಕು ಗೊತ್ತಾಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಅಜ್ಜನ ಮನೆ ಎನ್ನುವಾಗ ಯಾವ ಅಜ್ಜನ ಮನೆ ಎಂಬುದು ಸಮುದಾಯಕ್ಕೆ ಅನುಸಾರವಾಗಿ ಬದಲಾಗುತ್ತದೆ. ಹವ್ಯಕರು, ಕರಾಡರು, ಗೌಡ ಸಾರಸ್ವತರಲ್ಲಿ ವಂಶ ತಂದೆಯಿಂದ ಸಾಗುತ್ತದೆ. ಬಂಟರು, ಬಿಲ್ಲವರು ಮೊದಲಾದವರ ಅಳಿಯಸಂತಾನದಲ್ಲಿ ಮತ್ತು ಚಂದ್ರಗಿರಿ ಹೊಳೆಯಿಂದ ತೆಂಕಲಾಗಿ ಹೆಚ್ಚಾಗಿ ಕಾಣುವ ಮರುಮಕ್ಕತ್ತಾಯದಲ್ಲಿ ಅದು ತಾಯಿಯಿಂದ ಸಾಗುತ್ತದೆ; ಅಲ್ಲಿ ನಿಮ್ಮ ತರವಾಡು, ಎಂದರೆ ಕುಟುಂಬದ ಮೂಲಮನೆ, ತಾಯಿಯ ತಾಯಿಯ ಮನೆಯೇ ಹೊರತು ತಂದೆಯ ಮನೆಯಲ್ಲ, ನಿಮ್ಮ ನಾಗನೂ ಧರ್ಮದೈವವೂ ಅಲ್ಲಿಯವು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ತಂದೆಯ ಹೆಸರಿನ ಜಾಡು ಹಿಡಿದು ಬಂದು, ತಂದೆಯ ತರವಾಡಿನ ನಾಗಬನದಲ್ಲಿ ತಂಬಿಲ ಕೊಟ್ಟು, ತಮ್ಮ ಮೂಲ ಸಿಕ್ಕಿತೆಂದು ತಿಳಿದು ಹೋದದ್ದನ್ನು ಕಂಡಿದ್ದೇನೆ. ಮನೆಯ ಹೆಸರು ಒಬ್ಬರಿಗೆ ಹೇಗೆ ಬಂತೆಂಬುದನ್ನೂ ವಿಚಾರಿಸಬೇಕು. ರಾಷ್ಟ್ರಕವಿ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ್ದು ಮಂಜೇಶ್ವರದ ತಾಯಿಯ ತಂದೆಯ ಮನೆಯಲ್ಲಿ. ತಂದೆ ಮಂಗಳೂರಿನವರಾಗಿದ್ದರೂ ನಾಡು ಅವರನ್ನು ಕರೆದದ್ದು ಮಂಜೇಶ್ವರದ ಹೆಸರಿನಿಂದ. ಪೈಗಳಂತೆ ಹೆಸರಿನಲ್ಲಿ ಒಂದೂರು, ತಂದೆಯ ಕಡೆಯಲ್ಲಿ ಇನ್ನೊಂದೂರು ಇರುವ ಕುಟುಂಬಗಳು ನಮ್ಮಲ್ಲಿ ಬಹಳ.

ಊರಿನ ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. ಈ ಪ್ರದೇಶ 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ದಿನ ಕೇರಳಕ್ಕೆ ಸೇರಿ, ಮುಂದೆ ಕಣ್ಣೂರು ಜಿಲ್ಲೆಯೊಳಗಿದ್ದು, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಆದುದರಿಂದ ಅಜ್ಜನ ಕಾಗದದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದ ಮಾತ್ರಕ್ಕೆ ಮಂಗಳೂರು, ಪುತ್ತೂರುಗಳ ಸುತ್ತ ಮಾತ್ರ ಹುಡುಕಬೇಡಿ. ಇಂದಿನ ಫಲಕಗಳಲ್ಲಿ, ಮೊಬೈಲಿನ ನಕ್ಷೆಯಲ್ಲಿ ಬದಿಯಡ್ಕವು ಬದಿಯಡುಕ್ಕವಾಗಿ, ಕಾರಡ್ಕವು ಕಾರಡುಕ್ಕವಾಗಿ ಕಾಣಿಸುತ್ತದೆ. ಹೊಸದುರ್ಗದ ಪೇಟೆಯನ್ನು ಕಾಞಂಗಾಡು ಎಂದು ಹುಡುಕಬೇಕಾಗುತ್ತದೆ. ಕನ್ನಡದ ಹೆಸರನ್ನೇ ಬಾಯಿಬಿಟ್ಟು ಕೇಳಿ. ಊರಿನವರ ನಾಲಿಗೆಯಲ್ಲಿ ಅದು ಇನ್ನೂ ಇದೆ.

ಪಾತ್ರೆ, ಜಾತಕ, ದಸ್ತಾವೇಜು

ಸರಕಾರಿ ಕಚೇರಿಗೆ ಹೋಗುವ ಮೊದಲು ನಿಮ್ಮ ಮನೆಯ ಅಟ್ಟವನ್ನು ನೋಡಿ. ಹಿತ್ತಾಳೆಯ ಉರುಳಿ, ತಾಮ್ರದ ಹಂಡೆ, ಕೊಡಪಾನಗಳ ಕಂಠದ ಬಳಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಿರುತ್ತವೆ. ಜೆಂಬಾರಕ್ಕೆ (ಮನೆಯ ಸಮಾರಂಭಕ್ಕೆ) ಪಾತ್ರೆಗಳನ್ನು ಎರವಲು ಕೊಟ್ಟು ತರುವಾಗ ಅದಲುಬದಲಾಗದಿರಲೆಂದು ಮಾಡುತ್ತಿದ್ದ ಗುರುತು ಅದು. ಹುಣಿಸೆಹುಳಿ ಹಚ್ಚಿ ತೊಳೆದು, ಒಣಗಿದ ಮೇಲೆ ಚಿಟಿಕೆ ಅಕ್ಕಿಹಿಟ್ಟನ್ನು ಬೆರಳಿನಿಂದ ಉಜ್ಜಿದರೆ ಹಿಟ್ಟು ಚುಕ್ಕೆಗಳಲ್ಲಿ ನಿಂತು ಅಕ್ಷರ ಬೆಳ್ಳಗೆ ಮೂಡುತ್ತದೆ. ಸಾಮಾನ್ಯವಾಗಿ ಮೊದಲನೆಯದು ಮನೆಯ ಅಕ್ಷರ, ಅನಂತರದ್ದು ಯಜಮಾನನದ್ದು. ಮದುವೆಯಲ್ಲಿ ಹೆಣ್ಣಿನೊಂದಿಗೆ ಬಂದ ಪಾತ್ರೆಯಾದರೆ ಆ ಅಕ್ಷರ ಅವಳ ತವರಿನದ್ದಾಗಿರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಹೆಣ್ಣುಮಕ್ಕಳ ತವರುಗಳು ವಂಶಾವಳಿಯಲ್ಲಿ ಮೊದಲು ಕಳೆದುಹೋಗುವ ಸಂಗತಿಗಳು.

ಹಳೆಯ ಜಾತಕಗಳಲ್ಲಿಯೂ ತಿಥಿಯ ಪುಸ್ತಕಗಳಲ್ಲಿಯೂ ಹೆಚ್ಚಾಗಿ ಇಸವಿ ಇರುವುದಿಲ್ಲ. ಶಾಲಿವಾಹನ ಶಕೆಗೆ 78, ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಿದರೆ ಇಸವಿ ಸಿಗುತ್ತದೆ. ಕೇರಳದ ಕೊಲ್ಲಂ ವರ್ಷಕ್ಕೆ ತಿಂಗಳನ್ನು ನೋಡಿಕೊಂಡು 824 ಅಥವಾ 825 ಕೂಡಿಸಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ ಎಂಬುದನ್ನು ನೆನಪಿಡಿ: ಕ್ರೋಧನ ಸಂವತ್ಸರ 1925ರಲ್ಲಿಯೂ ಬಂದಿತ್ತು, 1985ರಲ್ಲಿಯೂ ಬಂದಿತ್ತು. ಬಾಯಿಮಾತಿನ ಕಾಲಗಣನೆಯಲ್ಲಿ ಘಟನೆಗಳೇ ಗುರುತುಗಳು; ಕೇರಳದವರು ತೊಂಬತ್ತೊಂಬತ್ತರ ನೆರೆ ಎನ್ನುವುದು ಕೊಲ್ಲಂ 1099ರ, ಎಂದರೆ 1924ರ ಜುಲೈ ತಿಂಗಳ ನೆರೆಯನ್ನು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರುಗಳ ಹೆಸರನ್ನು ಹೇಳಬೇಕಾಗಿರುವುದರಿಂದ ಮನೆತನದ ಪುರೋಹಿತರಲ್ಲಿಯೂ ಒಂದು ಪಟ್ಟಿ ಇರುತ್ತದೆ. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳು, ಮುಸ್ಲಿಂ ಕುಟುಂಬಗಳಿಗೆ ಜಮಾಅತ್ತಿನ ನಿಕಾಹ್ ಪುಸ್ತಕಗಳು ಇದೇ ಕೆಲಸ ಮಾಡುತ್ತವೆ.

ದಸ್ತಾವೇಜುಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ತೋರುವುದು ಪಾಲುಪಟ್ಟಿ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಬಳಿಕ ಕವರುಗಳು, ಎಂದರೆ ಒಬ್ಬ ತಾಯಿಯಿಂದ ಬೆಳೆದ ಕುಟುಂಬದ ಕವಲುಗಳು, ಪಾಲು ಕೇಳಲು ಹಾದಿ ಸುಗಮವಾಯಿತು. ಅನಂತರ ಆದ ಪಾಲುಪಟ್ಟಿಗಳಲ್ಲಿ ಪ್ರತಿ ಕವರಿನ ಹೆಂಗಸರು, ಮಕ್ಕಳು, ಎದೆಹಾಲಿನ ಕೂಸುಗಳ ವರೆಗೆ ಹೆಸರು ಮತ್ತು ಪ್ರಾಯ ಬರೆದಿರುವುದುಂಟು. ಅಂಥ ಒಂದು ಕಾಗದ ಸಿಕ್ಕಿದರೆ ಇಡೀ ಕುಟುಂಬದ ಮರ ಕೈಗೆ ಬಂದಂತೆ. ಇಂತಹ ದಸ್ತಾವೇಜು ನೋಂದಣಿಯಾಗಿದ್ದರೆ, ಆ ಕಾಲದಲ್ಲಿ ಗ್ರಾಮ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಸೇರಿತ್ತೆಂದು ತಿಳಿದು, ಅಲ್ಲಿ ವಿಚಾರಿಸಬೇಕು. ಸ್ಥಿರಾಸ್ತಿಯ ದಸ್ತಾವೇಜುಗಳಿರುವ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡುವುದಕ್ಕೆ, ಪ್ರತಿ ಪಡೆಯುವುದಕ್ಕೆ 1908ರ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ. ಸೂಚಿಗಳಲ್ಲಿ ಒಂದು ವ್ಯಕ್ತಿಗಳ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ ಸಿದ್ಧವಾಗಿರುತ್ತದೆ. ಹೆಸರು, ಗ್ರಾಮ ಮತ್ತು ಹತ್ತು ವರ್ಷಗಳೊಳಗಿನ ಒಂದು ಅವಧಿಯನ್ನು ಹೇಳಲು ಸಾಧ್ಯವಾದರೆ ಕೆಲಸ ಮುಂದೆ ಸಾಗುತ್ತದೆ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆಯೇ ನೀಡಿದೆ, ಮತ್ತು ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ.

ಹಳೆಯ ದಸ್ತಾವೇಜು ಹೆಚ್ಚಾಗಿ ಕನ್ನಡದಲ್ಲಿರುತ್ತದೆ, ಆದರೆ ಕೂಡುಬರಹದ ಆ ಕೈಯನ್ನು ಓದಲು ಅಭ್ಯಾಸ ಬೇಕು. ಮೂಲಗೇಣಿ ಎಂದರೆ ಶಾಶ್ವತವಾದ ಗೇಣಿ, ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ ಸಾಗುವ ಗೇಣಿ, ಕುಮ್ಕಿ ಎಂದರೆ ವರ್ಗ ಭೂಮಿಗೆ (ತೀರ್ವೆ ಕಟ್ಟುವ ಸ್ವಂತ ಭೂಮಿಗೆ) ತಾಗಿಕೊಂಡು ಸೊಪ್ಪು ಸೌದೆಗಾಗಿ ಅನುಭವಿಸುವ ಸರಕಾರಿ ಜಾಗ. ಗೇಣಿಯನ್ನು ಅಕ್ಕಿ ಮುಡಿಯ ಲೆಕ್ಕದಲ್ಲಿ ಬರೆದಿರುತ್ತಾರೆ. ಕಾಗದದ ಕೊನೆಯಲ್ಲಿ ಬರುವ ಚಕ್ಕುಬಂದಿಯನ್ನು ಮಾತ್ರ ಬಿಡದೆ ಪ್ರತಿ ಮಾಡಿಕೊಳ್ಳಿ. ಮೂಡು ತೋಡು, ತೆಂಕು ಕಟ್ಟಪುಣಿ (ಗದ್ದೆಯ ದೊಡ್ಡ ಬದು), ಪಡು ಸರಕಾರಿ ಗುಡ್ಡೆ, ಬಡಗು ಇಂಥವರ ವರ್ಗದ ಅಡಕೆ ತೋಟ ಎಂದು ಇರುವ ಆ ಒಂದು ಸಾಲು ಸರ್ವೆ ನಂಬರಿಗಿಂತ ಹೆಚ್ಚು ನೆರವಾಗುತ್ತದೆ, ಏಕೆಂದರೆ ನಂಬರುಗಳು ಬದಲಾಗುತ್ತವೆ, ತೋಡು ಬಹುಮಟ್ಟಿಗೆ ತನ್ನ ಜಾಗದಲ್ಲಿಯೇ ಹರಿಯುತ್ತದೆ. ವಂಶವಾಹಿ ಪರೀಕ್ಷೆಗಾಗಿ ಹಣ ಕೊಟ್ಟು ಬಂದವರೂ ಇದ್ದಾರೆ. ಅದರಿಂದ ದೂರದ ನೆಂಟರ ಸುಳಿವು ಸಿಗಬಹುದು, ಮನೆಯ ಅಂಗಳ ಸಿಗುವುದಿಲ್ಲ.

ಯಾವಾಗ, ಹೇಗೆ ಬರಬೇಕು

ಮೊದಲ ಭೇಟಿಗೆ ಜನವರಿ, ಫೆಬ್ರವರಿ ತಿಂಗಳುಗಳು ಉತ್ತಮ. ಜೂನ್ ತಿಂಗಳಿಂದ ಸೆಪ್ಟೆಂಬರಿನ ವರೆಗೆ ಮುರಕಲ್ಲಿನ ಗುಡ್ಡದ ದಾರಿಗಳು ಜಾರುತ್ತವೆ. ನಾಗರಪಂಚಮಿ ಬರುವುದು ಆ ಮಳೆಯಲ್ಲಿಯೇ ಆದುದರಿಂದ, ಹುಡುಕುವ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಿ, ಪಂಚಮಿಗೆ ಪೂಜೆಗೆಂದು ಮಾತ್ರ ಬರುವುದು ಒಳ್ಳೆಯದು. ತರವಾಡಿನ ದೈವಗಳ ಕೋಲ, ಕಳಿಯಾಟಗಳು ಅಕ್ಟೋಬರ್ ಕೊನೆಯ ತುಲಾ ಹತ್ತರ ನಂತರ ಆರಂಭವಾಗಿ ಮೇ ಕೊನೆಯ ಪತ್ತನಾಜೆಗೆ ನಿಲ್ಲುತ್ತವೆ. ಕುಟುಂಬದವರೆಲ್ಲ ಒಂದೆಡೆ ಸೇರುವುದು ಕೋಲದ ದಿನವಾದರೂ, ಆ ದಿನ ಮನೆಯ ಯಜಮಾನರಿಗೆ ಕುಳಿತು ಮಾತನಾಡಲು ಬಿಡುವಿರುವುದಿಲ್ಲ. ಅಂದು ಮುಖಪರಿಚಯ ಮಾಡಿಕೊಂಡು, ಮಾತಿಗೆ ಬೇರೆ ದಿನ ಕೇಳಿಕೊಳ್ಳಿ. ಮಂಗಳೂರಿನಿಂದ ತಲಪಾಡಿ ದಾಟಿ ಬರುವ ಬಸ್ಸುಗಳು ಧಾರಾಳವಾಗಿವೆ, ಪುತ್ತೂರಿನ ಕಡೆಯಿಂದ ಪೆರ್ಲಕ್ಕೂ ಸುಳ್ಯದ ಕಡೆಯಿಂದ ಮುಳ್ಳೇರಿಯಕ್ಕೂ ದಾರಿಯಿದೆ. ಕೊನೆಯ ಮೈಲಿಗೆ ಊರಿನ ಜೀಪನ್ನೋ ರಿಕ್ಷಾವನ್ನೋ ಹಿಡಿಯಿರಿ. ಚಾಲಕರಿಗೆ ಮನೆಗಳ ಹೆಸರು ನಕ್ಷೆಗಿಂತ ಚೆನ್ನಾಗಿ ತಿಳಿದಿರುತ್ತದೆ.

ಬರುವುದಕ್ಕೆ ಎರಡು ವಾರ ಮೊದಲು, ಈಗ ಆ ಜಾಗದಲ್ಲಿರುವವರಿಗೆ ಫೋನು ಮಾಡಿ, ಅಥವಾ ಊರಿನ ದೇವಸ್ಥಾನದವರೋ ಶಾಲೆಯ ಮಾಸ್ತರರೋ ಮೂಲಕ ಹೇಳಿಕಳುಹಿಸಿ. ಇದು ಉಪಚಾರದ ಮಾತಲ್ಲ. ಕೇರಳದ ಭೂಸುಧಾರಣೆ 1970ರ ಜನವರಿ 1ರಂದು ಪೂರ್ಣವಾಗಿ ಜಾರಿಗೆ ಬಂದಾಗ ಗೇಣಿಯ ಪದ್ಧತಿಯೇ ಕೊನೆಗೊಂಡು, ಉಳುತ್ತಿದ್ದವರು ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟೆ ಪಡೆದರು. ನಿಮ್ಮ ಮೂಲಮನೆಯಲ್ಲಿ ಇಂದು ಇರುವವರು ಅಂದಿನ ಗೇಣಿದಾರರ ಮಕ್ಕಳಾಗಿರಬಹುದು, ಅವರಿಂದ ಕ್ರಯಕ್ಕೆ ಕೊಂಡವರಾಗಿರಬಹುದು. ಯಾವುದೋ ಊರಿನಿಂದ ಬಂದವರು ಹಳೆಯ ಕಾಗದ ತೆಗೆದು ನಿಂತರೆ ಅವರ ಎದೆ ಹಾರುವುದು ಸಹಜ.

ನನ್ನಿಂದಲೇ ಒಮ್ಮೆ ಈ ತಪ್ಪಾಯಿತು. ತಾಯಿಯ ಅಜ್ಜನ ಮನೆಯ ಜಾಗ ಸಿಕ್ಕಿದ ಉತ್ಸಾಹದಲ್ಲಿ, ಹೇಳದೆ ಕೇಳದೆ ಏಳು ಮಂದಿಯೊಂದಿಗೆ ಹೋಗಿ, ಅಂಗಳದಲ್ಲಿ ನಿಂತು ಮೊದಲ ಮಾತಿಗೇ ಸರ್ವೆ ನಂಬರು ಯಾವುದೆಂದು ಕೇಳಿದೆ. ಆಸರಿಂಗೆ ಎಂತ ಆಯೆಕ್ಕು (ಕುಡಿಯಲು ಏನು ಬೇಕು) ಎಂದು ಬೆಲ್ಲ ನೀರು ತರಲು ಹೊರಟಿದ್ದ ಆ ಮನೆಯ ಅಜ್ಜಿ ಅಲ್ಲಿಯೇ ನಿಂತರು. ಮಗ ತೋಟದಿಂದ ಬರುವ ವರೆಗೆ ಅವರು ಒಳಗಿನಿಂದ ಹೊರಗೆ ಬರಲಿಲ್ಲ, ಬಂದ ಮಗನೂ ಎರಡು ಮಾತಿನಲ್ಲಿ ನಮ್ಮನ್ನು ಕಳುಹಿಸಿಕೊಟ್ಟರು. ಎರಡನೆಯ ಬಾರಿ ನಾನು ಮತ್ತು ತಾಯಿ ಇಬ್ಬರೇ, ಮೊದಲೇ ತಿಳಿಸಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಹೋದೆವು. ನಮಗೆ ಜಾಗದ ಮೇಲೆ ಯಾವ ಮಾತೂ ಇಲ್ಲ, ನೋಡಿ ಹೋಗಲು ಬಂದವರು ಎಂಬುದನ್ನು ತಾಯಿ ಕುಳಿತುಕೊಳ್ಳುವ ಮೊದಲೇ ಹೇಳಿದರು. ಆ ಒಂದು ವಾಕ್ಯವನ್ನು ನೀವೂ ಮೊದಲೇ ಹೇಳಿ. ಕಾಗದಗಳನ್ನು ಚೀಲದಲ್ಲಿಯೇ ಇಡಿ, ಅವರಾಗಿ ಕೇಳಿದರೆ ಮಾತ್ರ ತೆಗೆಯಿರಿ. ಜಾಗವನ್ನು ಮರಳಿ ಕೊಳ್ಳುವ ಮಾತನ್ನು ಅಂಗಳದಲ್ಲಿ ಎತ್ತಲೇಬೇಡಿ.

ಮನೆ ಸಿಗದಿದ್ದರೂ ಜಾಗದ ಗುರುತುಗಳು ಸಿಗುತ್ತವೆ. ಮಣ್ಣಿನ ಗೋಡೆ ಎರಡು ಮಳೆಗಾಲಗಳಲ್ಲಿ ಕರಗುತ್ತದೆ. ಸುರಂಗ, ಕೆರೆ, ನಾಗಬನ, ಮುರಕಲ್ಲಿನ ತುಳಸಿಕಟ್ಟೆಗಳು ಉಳಿಯುತ್ತವೆ. ನೀರಿಗಾಗಿ ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳ ಬಾಯಿಯಲ್ಲಿ ನಿಂತು, ಗೋಡೆಯ ಮೇಲೆ ಹಾರೆ ಬಿದ್ದ ಗೆರೆಗಳನ್ನು ಮುಟ್ಟಿ ನೋಡಿ. ಅವುಗಳನ್ನು ಅಗೆಸಿದವರು ನಿಮ್ಮ ಮುತ್ತಜ್ಜನಾಗಿದ್ದರೂ, ಅಗೆದ ಕೈ ಹೆಚ್ಚಾಗಿ ಬೇರೆಯವರದ್ದು, ಅವರ ಮನೆಯ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಒಳಗೆ ಮಾತ್ರ ಹೋಗಬೇಡಿ, ಗಾಳಿ ಕಡಿಮೆಯಿರುತ್ತದೆ, ಮಣ್ಣು ಕುಸಿಯಬಹುದು. ನಾಗಬನಕ್ಕೆ ಮನೆಯವರ ಅಪ್ಪಣೆಯಿಲ್ಲದೆ ಕಾಲಿಡಬಾರದು, ಫೋಟೋ ತೆಗೆಯಬಾರದು; ಅಮೆ (ಹೆರಿಗೆಯ ಮೈಲಿಗೆ), ಸೂತಕಗಳಿದ್ದರೆ ಭೇಟಿಯನ್ನೇ ಮುಂದೂಡಬೇಕು. ಪೂಜೆಯನ್ನು ಈಗ ಯಾರು ನಡೆಸುತ್ತಿದ್ದಾರೆಂದು ಕೇಳಿ. ಇಷ್ಟು ವರ್ಷ ನಿಮ್ಮ ನಾಗನಿಗೆ ಹಾಲೆರೆದವರು ಹಲವೆಡೆ ನಿಮ್ಮ ಕುಲದವರೇ ಅಲ್ಲ, ಜಾಗ ಪಡೆದ ಗೇಣಿದಾರರ ಮನೆಯವರು. ಮುಂದಿನ ವರ್ಷದ ತಂಬಿಲಕ್ಕೆ ಏನಾದರೂ ಕೊಡುವುದಿದ್ದರೆ ಅವರ ಕೈಯಲ್ಲಿಯೇ ಕೊಡಿ.

ಹಿಂತಿರುಗಿದ ಮೇಲೆ ಒಂದು ತಿಂಗಳೊಳಗೆ, ನೀವು ಸಿದ್ಧಪಡಿಸಿದ ವಂಶಾವಳಿಯ ಒಂದು ಪ್ರತಿಯನ್ನೂ ತೆಗೆದ ಫೋಟೋಗಳನ್ನೂ ಕಾಗದದಲ್ಲಿ ಅಚ್ಚು ಹಾಕಿಸಿ ಆ ಮನೆಗೆ ಅಂಚೆಯಲ್ಲಿ ಕಳುಹಿಸಿ, ಏಕೆಂದರೆ ಮೊಬೈಲಿಗೆ ಬಂದದ್ದು ಮೊಬೈಲಿನೊಂದಿಗೆ ಹೋಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಮತ್ತು ಅವರು ಸೇರಿದ ಮನೆಯ ಹೆಸರು ಅದರಲ್ಲಿ ತಪ್ಪದೆ ಇರಲಿ. ಹೆಸರು ತಿಳಿಯದಿದ್ದಲ್ಲಿ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ನಾವು ಕಳುಹಿಸಿದ ಫೋಟೋಗಳಲ್ಲಿ ನಮ್ಮ ಉರುಳಿಯ ಕಂಠದ ಅಕ್ಷರಗಳದ್ದೂ ಒಂದಿತ್ತು. ಮರುವರ್ಷ ಚೌತಿಗೆ ಮನೆ ತೊಳೆಯುವಾಗ ಆ ಮಗನೇ ಫೋನು ಮಾಡಿ, ಬಚ್ಚಲಿನ ತಾಮ್ರದ ಹಂಡೆಯ ಮಸಿ ಕೆರೆದಾಗ ಅವೇ ಎರಡು ಅಕ್ಷರಗಳು ಕಂಡವೆಂದೂ, ಬೇಕಾದರೆ ಬಂದು ಕೊಂಡುಹೋಗಬಹುದೆಂದೂ ಹೇಳಿದರು. ನಾವು ಹೋದೆವು, ಅಕ್ಷರಗಳನ್ನು ನೋಡಿದೆವು. ಹಂಡೆಯನ್ನು ತರಲಿಲ್ಲ, ಅದರಲ್ಲಿ ನೀರು ಕಾಯುತ್ತಿತ್ತು.